ಇ.ಸಿ. ಕ್ಲಿಯರ್ ಇದ್ದರೆ ಸಾಲದು

ಮಾನ್ಯ ಸಂಪಾದಕರೇ,

ಕೂಡಿಟ್ಟ ಹಣವನ್ನು ಮೊದಲ ಸಲ ಸೈಟಿನ ಮೇಲೆ ಹಾಕಲು ಹೊರಟವರಿಗೆ ದಲ್ಲಾಳಿಗಳು ಹೇಳುವ ಮಾತು ಒಂದೇ: ‘ಇ.ಸಿ. ಕ್ಲಿಯರ್ ಇದೆ, ಅಡ್ವಾನ್ಸ್ ಕೊಟ್ಟುಬಿಡಿ’. ಇ.ಸి. ಅಂದರೆ ಋಣಭಾರ ಪ್ರಮಾಣಪತ್ರ ಬೇಕೇ ಬೇಕು, ನಿಜ. ಆದರೆ ನೀವು ಕೊಟ್ಟ ವಿವರಕ್ಕೆ, ಕೇಳಿದ ಅವಧಿಯಲ್ಲಿ ಯಾವ ಪತ್ರಗಳು ನೋಂದಣಿಯಾಗಿವೆ ಎಂದಷ್ಟೇ ಅದು ತಿಳಿಸುತ್ತದೆ. ಮಾರುವವರಿಗೆ ಮಾರುವ ಹಕ್ಕಿದೆಯೇ ಎಂಬುದು ಅದರಲ್ಲಿ ಇರುವುದಿಲ್ಲ.

ಎಡವಟ್ಟು ಹೆಚ್ಚಾಗಿ ಆಗುವುದು ಅರ್ಜಿ ತುಂಬುವಾಗಲೇ. ಬರೀ ಸೈಟ್ ನಂಬರ್ ಕೊಟ್ಟು ಇ.ಸಿ. ತೆಗೆಸಿದರೆ ವಹಿವಾಟೇ ಇಲ್ಲವೆನ್ನುವ ನಮೂನೆ 16 ಕೈಗೆ ಬರಬಹುದು. ಏಕೆಂದರೆ ಬಡಾವಣೆ ಆಗುವ ಮುಂಚಿನ ಕ್ರಯ, ವಿಭಾಗ, ಅಡಮಾನಗಳೆಲ್ಲ ಜಮೀನಿನ ಸರ್ವೆ ನಂಬರಿನಲ್ಲಿ ಕೂತಿರುತ್ತವೆ. ಹಾಗಾಗಿ ಸೈಟ್ ನಂಬರಿಗೊಂದು, ಸರ್ವೆ ನಂಬರಿಗೊಂದು ತೆಗೆಸಿ. ಜಮೀನು ಹಿಸ್ಸಾ ಆಗಿ (ಪಾಲಾಗಿ) ಹೊಸ ನಂಬರ್ ಬಂದಿದ್ದರೆ ಹಳೆಯ ನಂಬರಿಗೂ ಕೇಳಿ. ಕನಿಷ್ಠ 30 ವರ್ಷದ್ದು ನೋಡಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಾಮಾನ್ಯವಾಗಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಆ ಗ್ರಾಮ ಮೊದಲು ಬೇರೆ ಕಚೇರಿಯ ವ್ಯಾಪ್ತಿಯಲ್ಲಿದ್ದರೆ ಅಲ್ಲಿಂದಲೂ ತರಿಸಿ.

ಇನ್ನೊಂದು ಸಂದು ಕಾನೂನಿನಲ್ಲೇ ಇದೆ. ಸಹಿಯಾದ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು 4 ತಿಂಗಳ ಅವಕಾಶವಿದೆ. ನೋಂದಣಿಯಾದ ಮೇಲೆ ಅದು ಬರೆದುಕೊಟ್ಟ ದಿನದಿಂದಲೇ ಊರ್ಜಿತ. ಇವತ್ತಿನ ಇ.ಸಿ.ಯಲ್ಲಿ ಕಾಣದ ಕ್ರಯಪತ್ರವೊಂದು ನಾಳೆ ನಿಮ್ಮದಕ್ಕಿಂತ ಹಿಂದಿನ ತಾರೀಖಿನದಾಗಿ ಎದ್ದು ಬರಬಹುದು. ಮೂಲಪತ್ರ ಮಾರುವವರ ಕೈಯಲ್ಲೇ ಇದೆಯೇ ಎಂದು ಕಣ್ಣಾರೆ ನೋಡಿ. ಬರೀ ಜೆರಾಕ್ಸ್ ತೋರಿಸುತ್ತಿದ್ದರೆ ಮೂಲ ಎಲ್ಲೋ ಸಾಲಕ್ಕೆ ಕೂತಿರುವ ಸಾಧ್ಯತೆ ಇದೆ. ವಕೀಲರ ಮೂಲಕ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ತಕರಾರು ಬರಲು ಒಂದಷ್ಟು ದಿನ ಬಿಡಿ.

ಇ.ಸಿ.ಗೆ ಸಿಗದ ದೊಡ್ಡ ವಿಷಯವೆಂದರೆ ಮನೆಯವರ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಅದಕ್ಕೆ ತಂದೆ ಆಗ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತು. ಆದ್ದರಿಂದ ವಂಶವೃಕ್ಷ ಕೇಳಿ, ಮದುವೆಯಾಗಿ ಹೋದವರ ಸಹಿಯನ್ನೂ ಕ್ರಯಪತ್ರದಲ್ಲೇ ಹಾಕಿಸಿ. ‘ನಮ್ಮ ಅಕ್ಕ ಏನೂ ಕೇಳೋದಿಲ್ಲ’ ಎಂಬ ಮಾತನ್ನು ನಂಬಿ ಹಣ ಕೊಟ್ಟವರು ವರ್ಷಗಟ್ಟಲೆ ಸಿವಿಲ್ ಕೋರ್ಟ್ ಅಲೆಯುತ್ತಾರೆ.

ಅಷ್ಟೇ ಗಂಭೀರವಾದದ್ದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅದರ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ನಂತರ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯ ಅಸಿಂಧು. ನಡುವೆ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ‘ತುಂಬಾ ಹಳೆಯದು’ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳಬೇಡಿ, ಈ ಕಾಯ್ದೆಯಡಿ ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಅವರಿಗಾಗಿಯೇ ಇರುವ ನ್ಯಾಯವಾದ ರಕ್ಷಣೆ ಅದು. ಕೊಳ್ಳುವವರು ಹಳೆಯ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ದಾಖಲೆಗಳನ್ನು ತಿರುವಿ ಮೂಲ ಪತ್ತೆಮಾಡಬೇಕು. ಹಾಗೆ ತಿರುವುವಾಗ ಬಿ-ಖರಾಬು ಎಷ್ಟು ಗುಂಟೆ ಇದೆ, ನಿಮ್ಮ ಸೈಟ್ ಅದರೊಳಗೆ ಬಿದ್ದಿದೆಯೇ ಎಂಬುದನ್ನೂ ನೋಡಿ. ಅದು ಸಾರ್ವಜನಿಕ ಬಳಕೆಯ ಜಾಗ, ಯಾರೂ ಮಾರುವಂತಿಲ್ಲ. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆ ಆದೇಶದಲ್ಲಿರುವ ಸರ್ವೆ ನಂಬರ್, ವಿಸ್ತೀರ್ಣ ತಾಳೆಯಾಗಬೇಕು. ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಟ್ಟ ಸೈಟಿಗೆ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಹೊಸ ಬಡಾವಣೆಗಳ ಮಾತು ಬೇರೆ. 500 ಚದರ ಮೀಟರ್ ಮೀರಿದ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಕಡ್ಡಾಯ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕೆಂದೂ ಕಾಯ್ದೆ ಹೇಳುತ್ತದೆ. ಆ ಸಂಖ್ಯೆ ಇಲ್ಲದ ಬಡಾವಣೆ ಜಾಹೀರಾತುಗಳನ್ನು ಪತ್ರಿಕೆಗಳು ಸ್ವೀಕರಿಸಬಾರದು ಎಂದು ತಮ್ಮಲ್ಲಿ ವಿನಂತಿ.

ಇತಿ,
ಪತ್ರ ಬರಹಗಾರರೊಬ್ಬರು