ಮಂಜುಗೊಂದು ಪತ್ರ: ನಿನ್ನ ಟೊಮೇಟೊ ಸೊರಗಿದ್ದು ಯಾಕೆ

ಪುಣೆ, ಭಾನುವಾರ ರಾತ್ರಿ

ಪ್ರೀತಿಯ ಮಂಜು,

ನೀನು ಕಳಿಸಿದ ಫೋಟೋಗಳನ್ನು ಎರಡು ದಿನದಿಂದ ತೆಗೆದು ತೆಗೆದು ನೋಡುತ್ತಿದ್ದೇನೆ. ಗಿಡದ ಒಂದೇ ಮಗ್ಗುಲಿನ ಎಲೆ ಹಳದಿ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ. ಫ್ಯುಸೇರಿಯಂ ಅನ್ನುವ ಶಿಲೀಂಧ್ರ ತರುವ ಸೊರಗು ರೋಗವೇ ಇರಬೇಕು. "ಹೋದ ವರ್ಷ ಇದೇ ಮಣ್ಣಲ್ಲಿ ಚೆನ್ನಾಗಿ ಬಂದಿತ್ತು, ನಾನೇ ಎಲ್ಲೋ ತಪ್ಪಿದೆ" ಅಂತ ಬರೆದಿದ್ದೀಯಲ್ಲ, ಓದಿ ಸಂಕಟವಾಯಿತು. ಅದಕ್ಕೇ ಈ ಪತ್ರ.

ಈ ಶಿಲೀಂಧ್ರ ಹೆಚ್ಚುಕಡಿಮೆ ಎಲ್ಲಾ ಹೊಲದಲ್ಲೂ ಇರುತ್ತದೆ. ಜಾಸ್ತಿ ಪಾಲು ಬೇರಿನ ಪಕ್ಕ ಸುಮ್ನೆ ಬದುಕಿಕೊಂಡಿರುತ್ತವೆ. ಕೊಲ್ಲುವವು ಕೆಲವೇ. ಅವೂ ಬೆಳೆಗೊಂದು ಬಗೆ. ಟೊಮೇಟೊ ಸೊರಗಿಸುವುದೇ ಬೇರೆ, ಬಾಳೆ ಸೊರಗಿಸುವುದೇ ಬೇರೆ. ಮೈಕ್ರೋಸ್ಕೋಪಿನಲ್ಲಿ ಸಾಧುವೂ ಒಂದೇ, ಕೊಲೆಗಾರನೂ ಒಂದೇ. ವ್ಯತ್ಯಾಸ ಕ್ರೋಮೋಸೋಮಿನಲ್ಲಿದೆ, ಅಂದರೆ ಜೀನುಗಳನ್ನು ಹೊತ್ತ ಡಿಎನ್‌ಎ ಎಳೆಯಲ್ಲಿ.

ಟೊಮೇಟೊಗೆ ಬರುವ ಶಿಲೀಂಧ್ರದ ಒಂದು ತಳಿಯ ಡಿಎನ್‌ಎ ಪೂರ್ತಿ ಓದಿದಾಗ 15 ಕ್ರೋಮೋಸೋಮು ಸಿಕ್ಕವು. ಅದರಲ್ಲಿ ನಾಲ್ಕು ಇಡಿಯಾಗಿ ಹೆಚ್ಚುವರಿ. ಹತ್ತಿರದ ಬಂಧುಗಳಲ್ಲಿ ಅವು ಇಲ್ಲವೇ ಇಲ್ಲ. 14ನೆಯದರಲ್ಲಿ 'ಸಿಕ್ಸ್' ಅನ್ನುವ ಜೀನುಗಳಿವೆ. ಗಿಡ ನೀರೇರಿಸುವ ನಾಳದೊಳಗೆ ಶಿಲೀಂಧ್ರ ಬಿಡುವ ಪ್ರೋಟೀನುಗಳು ಇವುಗಳಿಂದಲೇ ಬರುತ್ತವೆ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಾಧು ತಳಿಯನ್ನೂ ಕೊಲ್ಲುವ ತಳಿಯನ್ನೂ ಒಟ್ಟಿಗೆ ಬೆಳೆಸಿದರು. ಆ 14ನೆಯದು ಇಡಿಯಾಗಿ ಸಾಧುವಿನೊಳಗೆ ಹೋಗಿ ಸೇರಿತು. ಆಮೇಲೆ ಅದೂ ಟೊಮೇಟೊ ಕೊಲ್ಲತೊಡಗಿತು! ಗಂಡು ಹೆಣ್ಣು ಕೂಡುವುದೇ ಕಾಣದ ಜೀವಿ ಕಣೋ ಇದು, ಆದರೂ ಕ್ರೋಮೋಸೋಮು ದಾಟಿತು. ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕ್ರೋಮೋಸೋಮಿನ ಆಟ ಆಡುವ ಶಿಲೀಂಧ್ರ ಇದೊಂದೇ ಅಲ್ಲ. ಮನುಷ್ಯರ ಮಿದುಳಿಗೆ ಹತ್ತುವ ಕ್ರಿಪ್ಟೋಕಾಕಸ್ ಅನ್ನುವ ಶಿಲೀಂಧ್ರ ಇನ್ನೊಂದು ದಾರಿ ಹಿಡಿಯುತ್ತದೆ. ಅದನ್ನು ಕೊಲ್ಲಲು ಕೊಡುವ ಫ್ಲುಕೊನಜೋಲ್ ಔಷಧಿ ಜಾಸ್ತಿಯಾದರೆ ತನ್ನ 1ನೇ ಕ್ರೋಮೋಸೋಮನ್ನು ಎರಡು ಮಾಡಿಕೊಂಡು ತಡೆದುಕೊಳ್ಳುತ್ತದೆ. ಔಷಧಿ ಇಲ್ಲದ ಕಡೆ ಬೆಳೆಸುತ್ತಾ ಹೋದರೆ ಮತ್ತೆ ಒಂದಕ್ಕೆ ಇಳಿಯುತ್ತದೆ.

ಹೋದ ತಿಂಗಳು ನಾರಾಯಣಗಾಂವ್ ಕಡೆ ಹೋಗಿದ್ದೆ. ಅಲ್ಲೂ ಟೊಮೇಟೊ ಬೆಳೆ, ಅಲ್ಲೂ ಇದೇ ಕಷ್ಟ. ಮರಾಠಿಯಲ್ಲಿ ಇದಕ್ಕೆ 'ಮರ್ ರೋಗ' ಅನ್ನುತ್ತಾರೆ, ಸಾಯಿಸುವ ರೋಗ. ಒಬ್ಬ ಅಜ್ಜ ಒಣಗಿದ ಸಾಲಿನಲ್ಲಿ ನಿಂತು ನಿನ್ನ ಮಾತನ್ನೇ ಹೇಳಿದರು, "ನನ್ನದೇ ತಪ್ಪು" ಅಂತ. ನಿನ್ನದಲ್ಲ ಮಾರಾಯ. ಸಸಿಯ ಜೊತೆಗೋ, ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಮಣ್ಣಿನ ಜೊತೆಗೋ ಬಂದಿರಬಹುದು. ಒಮ್ಮೆ ಬಂದರೆ ಅದರ ಬೀಜಕಗಳು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಆ ತುಂಡಿನಲ್ಲಿ ಸದ್ಯಕ್ಕೆ ಟೊಮೇಟೊ ಬೇಡ.

ಬೇರೆ ತುಂಡಿಗೂ ಬೀಜ ಈಗಲೇ ಕೊಳ್ಳಬೇಡ. ಈ ರೋಗದಲ್ಲಿ 1, 2, 3 ಅಂತ ಮೂರು ರೇಸ್, ಅಂದರೆ ಒಳಬಗೆ, ಇವೆ. ಒಂದನ್ನು ತಡೆಯುವ ಟೊಮೇಟೊ ತಳಿ ಇನ್ನೊಂದಕ್ಕೆ ಸೋಲಬಹುದು. ಸೊರಗಿದ ನಾಲ್ಕು ಗಿಡದ ಕಾಂಡ, ಬುಡದ ಹತ್ತಿರದ್ದು, ಗೇಣುದ್ದ ಕತ್ತರಿಸಿ ಕಳಿಸು. ಪ್ಲಾಸ್ಟಿಕ್ ಬೇಡ, ಕೊಳೆಯುತ್ತದೆ. ಪೇಪರ್ ಕವರಿನಲ್ಲಿ ಹಾಕು. ಸಿಕ್ಸ್ ಜೀನು ಇದೆಯಾ ಅಂತ ನಾನೇ ಪಿಸಿಆರ್ (ಡಿಎನ್‌ಎ ತುಣುಕು ಹುಡುಕುವ ಪರೀಕ್ಷೆ) ಮಾಡಿ ನೋಡುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರವಿ