ಜಾವಳಿಯನ್ನು ಬಿಡಬೇಡ

ಮೈಸೂರು

ಚಿ. ಸಿರಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಭರತನಾಟ್ಯ ರಂಗಪ್ರವೇಶದ ಆಹ್ವಾನಪತ್ರಿಕೆಯ ಕರಡು ಬಂತು. ಚಿತ್ರ ಚೆನ್ನಾಗಿದೆ. ಎರಡು ಕಡೆ ಮಾತ್ರ ನನ್ನ ಕಣ್ಣು ತಡೆಯಿತು. ‘ಗರ್ಭಗುಡಿಯಿಂದ ನೇರವಾಗಿ ವೇದಿಕೆಗೆ ಬಂದ ಕಲೆ’ ಎಂದು ಬರೆದಿದ್ದೀಯೆ. ನೇರವಾಗಿ ಹೇಗೆ ಬಂತಮ್ಮ, ನಡುವೆ ಅರಮನೆ ಇರಲಿಲ್ಲವೆ? ಇನ್ನು ಜಾವಳಿಯನ್ನು, ಆ ಶೃಂಗಾರದ ಹಾಡನ್ನು, ತೆಗೆದು ಆ ಜಾಗದಲ್ಲಿ ಭಜನೆಯೊಂದನ್ನು ಹಾಕಿದ್ದೀಯೆ. ಇದು ನಿನ್ನ ಅಮ್ಮನ ಕೆಲಸವೆಂದು ನನಗೆ ಗೊತ್ತು.

ಮೊದಲು ಕುಣಿಯುವ ಅಲರಿಪುವಿನಿಂದ ಕೊನೆಗೆ ಬರುವ ತಿಲ್ಲಾನದವರೆಗೆ ನೀನು ಅಚ್ಚು ಹಾಕಿಸುತ್ತಿರುವ ಕ್ರಮವನ್ನೇ ತೆಗೆದುಕೊ. ಅದನ್ನು ಹೊಂದಿಸಿದವರು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ತಂಜಾವೂರಿನ ನಾಲ್ವರು ಸಹೋದರರು. ಅವರಲ್ಲಿ ವಡಿವೇಲು ತಿರುವಾಂಕೂರಿಗೆ ಹೋದರು, ಚಿನ್ನಯ್ಯ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಹಳೆಯ ಶಬ್ದಗಳು, ಅಂದರೆ ಆ ಕ್ರಮದಲ್ಲಿ ಬರುವ ಸ್ತುತಿಯ ಹಾಡುಗಳು, ‘ಸಲಾಮು’ ಎಂದು ಮುಗಿಯುತ್ತವೆ, ಗಮನಿಸಿದ್ದೀಯಾ? ದೇವರ ಮೇಲೆ ಕಟ್ಟಿದ ಶಬ್ದದಲ್ಲೂ ಆ ದರ್ಬಾರಿನ ಮಾತು ಹಾಗೆಯೇ ಕುಳಿತಿದೆ. ಈಗ ಕೆಲವರು ಅದನ್ನು ಒರೆಸಿ ‘ನಮೋಸ್ತುತೇ’ ಎನ್ನುತ್ತಾರೆ. ನೀನು ಒರೆಸಬೇಡ, ಕೈಯನ್ನು ಹಣೆಗೆ ತಂದು ಸಲಾಮನ್ನೇ ಮಾಡು.

ಕಲಿಸಿದ ಗಂಡಸರ ಹೆಸರು ಉಳಿಯಿತು, ಕುಣಿದ ಹೆಂಗಸರದು ಬಹುಪಾಲು ಅಳಿಯಿತು. ಉಳಿದಿರುವಷ್ಟನ್ನಾದರೂ ಬರೆ. ಚಾಮರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಕುಣಿದ ಜಟ್ಟಿ ತಾಯಮ್ಮನವರು ಕುಸ್ತಿ ಆಡುವವರ ಮನೆಯ ಮಗಳು. ಅವರ ಶಿಷ್ಯೆ ವೆಂಕಟಲಕ್ಷಮ್ಮನವರು ಲಂಬಾಣಿ ಕುಲದವರು. ಇಬ್ಬರೂ ಪಾತ್ರದವರ, ಅಂದರೆ ಕುಣಿತವೇ ಕುಲವೃತ್ತಿಯಾದವರ, ಮನೆತನದಲ್ಲಿ ಹುಟ್ಟಿದವರಲ್ಲ, ಇಬ್ಬರೂ ಬೆಳೆದದ್ದು ಅವರ ವಿದ್ಯೆಯಲ್ಲಿ.

ವೆಂಕಟಲಕ್ಷಮ್ಮನವರನ್ನು ನಾನು ಕಂಡಾಗ ಅವರಿಗೆ ವಯಸ್ಸಾಗಿತ್ತು. ಚಾಪೆಯ ಮೇಲೆ ಕುಳಿತೇ ಅಭಿನಯ ಮಾಡಿದರು. ಹಾಡುವವರಿಂದ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿದರು. ಮೊದಲ ಸಲ ಆ ನಾಯಿಕೆಗೆ ಸಿಟ್ಟು, ಮುಂದಿನ ಸಲ ಸಿಟ್ಟೆಂಬುದು ನೆಪ, ಆಮೇಲೆ ಬರಿಯ ದಣಿವು. ಬಲಹುಬ್ಬು ತುಸುವೇ ಮೇಲೇರಿದ್ದಕ್ಕೆ ಸಭೆಯಲ್ಲಿ ಯಾರೋ ನಕ್ಕರು. ಪಕ್ಕದಲ್ಲಿದ್ದ ನಮ್ಮಜ್ಜಿಯೂ ನಕ್ಕರು. ನಾನು ಗೆಜ್ಜೆ ಕಟ್ಟುತ್ತೇನೆಂದಾಗ ‘ಮಾನವಂತರ ಮನೆಯಲ್ಲಿ ಅದೆಲ್ಲ ಬೇಡ’ ಎಂದು ಗದರಿಸಿದ್ದ ಅಜ್ಜಿ ಇವರೇ. ನಾನು ಕಲಿಯಲಿಲ್ಲ. ಇರಲಿ.

ಹಾಗೆಂದು ಆ ಕಾಲಕ್ಕೆ ಬಂಗಾರದ ಬಣ್ಣ ಬಳಿಯಲೂ ಬೇಡ. ಮಾನವಂತರ ಮನೆಯ ಹೆಣ್ಣಿಗೆ ಅಕ್ಷರವೇ ದಕ್ಕದಿದ್ದಾಗ ಪಾತ್ರದವರ ಹೆಣ್ಣುಮಕ್ಕಳು ಓದುತ್ತಿದ್ದರು, ಮನೆಯ ಆಸ್ತಿ ಮಗಳಿಗೆ ಬರುತ್ತಿತ್ತು, ನಿಜ. ಆದರೆ ಕುಲವೃತ್ತಿಗೆ ಇಳಿಸುವ ಗೆಜ್ಜೆಪೂಜೆಗೆ ಕೂರಿಸಿದ ಹುಡುಗಿಯ ಇಷ್ಟವನ್ನು ಯಾರೂ ಕೇಳುತ್ತಿರಲಿಲ್ಲ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು ಎನ್ನುವವಳು ನಾನು. ಸೇವೆ ನಿಂತ ಮೇಲೆ ಆ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಜಾವಳಿಯ ವಿಷಯಕ್ಕೆ ನಿನ್ನ ಅಮ್ಮನಿಗೆ ಬೆಂಗಳೂರು ನಾಗರತ್ನಮ್ಮನವರ ಕಥೆ ಹೇಳು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಆಕೆ. ತಂಜಾವೂರಿನ ಆಸ್ಥಾನದ ಮುದ್ದುಪಳನಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಅಚ್ಚಾಗಿದ್ದಾಗ ಅದರಲ್ಲಿ ಕೆಲವು ಪದ್ಯಗಳನ್ನು ಕೈಬಿಟ್ಟಿದ್ದರು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಪ್ರಕಟಿಸಿದರು. ಅಶ್ಲೀಲವೆಂದು ಸರ್ಕಾರ ನಿಷೇಧಿಸಿತು. ಅದು ತೆರವಾದದ್ದು 1947ರಲ್ಲಿ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ ಅವರೇ. ಶೃಂಗಾರಕ್ಕೂ ಭಕ್ತಿಗೂ ನಡುವೆ ನಿನ್ನ ಅಮ್ಮ ಎಬ್ಬಿಸಿರುವ ಗೋಡೆ ಅವರ ಮನೆಯಲ್ಲಿ ಇರಲಿಲ್ಲ.

ಭಜನೆಯೂ ಇರಲಿ, ಮಂಗಳಕ್ಕೆ ಮುಂಚೆ ಹಾಕಿಕೊ. ಪತ್ರಿಕೆ ತಿದ್ದಿದ ಮೇಲೆ ಇನ್ನೊಮ್ಮೆ ವಾಟ್ಸಾಪ್ ಮಾಡು. ಅಕ್ಷರ ದೊಡ್ಡದಿರಲಿ, ನನ್ನ ಕನ್ನಡಕದ ನಂಬರು ಮತ್ತೆ ಏರಿದೆ.

ಇತಿ ನಿನ್ನ ಅತ್ತೆ