ಬಣ್ಣ ಆಮೇಲೆ ಆರಿಸಿ, ಮೊದಲು ನನ್ನ ಅಪ್ಪನನ್ನು ಕರೆಯಿರಿ

ಪಿಂಚಣಿ ಜಾಲತಾಣದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ನಮಸ್ಕಾರ.

ನಿಮ್ಮ ತಾಣಕ್ಕೆ ಮತ್ತೆ ಹೊಸ ರೂಪ ಕೊಡುತ್ತೀರಿ ಎಂಬ ಪ್ರಕಟಣೆ ಓದಿದೆ. ನನಗೆ ನೆನಪಿರುವಂತೆ ಇದು ಮೂರನೇ ಸಲ. ಹೊಸ ಬಣ್ಣದ ಬಗ್ಗೆ ಬರೆದಿದ್ದೀರಿ. ಮುಖಪುಟದಲ್ಲಿ ಒಂದಾದ ಮೇಲೊಂದು ಸರಿಯುವ ಚಿತ್ರಗಳ ಬಗ್ಗೆ ಬರೆದಿದ್ದೀರಿ. ಹೊಸ ಲಾಂಛನಕ್ಕೇ ಒಂದು ಪ್ಯಾರಾ ಇದೆ. ಆ ತಾಣವನ್ನು ಬಳಸುವ ಜನರ ಬಗ್ಗೆ ಒಂದು ಸಾಲೂ ಇಲ್ಲ. ಹಿಂದಿನ ಎರಡು ಸಲ ಸುಮ್ಮನಿದ್ದೆ. ಈ ಸಲ ಆಗಲಿಲ್ಲ.

ನಾನು ಕೇಳುವುದು ಒಂದೇ. ವಿನ್ಯಾಸದ ಕೆಲಸ ಯಾರಿಗಾದರೂ ಒಪ್ಪಿಸುವ ಮೊದಲು, ಈ ತಾಣಕ್ಕೆ ಯಾರು ಬರುತ್ತಾರೆ, ಏನು ಮುಗಿಸಿಕೊಳ್ಳಲು ಬರುತ್ತಾರೆ, ಕೈಯಲ್ಲಿ ಯಾವ ಫೋನು ಇರುತ್ತದೆ ಎಂದು ಬರೆದಿಡಿ. ಬರೆದದ್ದು ನಿಜವೇ ಎಂದು ಅದೇ ಜನರ ಪಕ್ಕದಲ್ಲಿ ಕೂತು ನೋಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ನನ್ನ ಅಪ್ಪ.

ಅಪ್ಪನಿಗೆ 78 ವರ್ಷ. ಕೈ ನಡುಗುತ್ತದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಮಸುಕು. ಮೊದಲೆಲ್ಲ ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ, ತಾವು ಬದುಕಿದ್ದೇವೆ ಎಂದು ಸಹಿ ಹಾಕಿ ಬರುತ್ತಿದ್ದರು. ಹೋದ ವರ್ಷ ಕಿಟಕಿಯಲ್ಲಿದ್ದವರು "ಈಗ ಎಲ್ಲ ಆನ್‌ಲೈನ್" ಎಂದು ವಾಪಸ್ ಕಳಿಸಿದರು. ಸರಿ, ಕಲಿಯೋಣ ಎಂದು ಅಪ್ಪ ಫೋನು ಹಿಡಿದು ಕೂತರು. ನಾನು ಬೇರೆ ಊರಿನಲ್ಲಿದ್ದೆ. ಇನ್ನೊಂದು ಫೋನಿನಲ್ಲಿ ಅವರಿಗೆ ಹೇಳಿಕೊಡುತ್ತಿದ್ದೆ.

ಅರ್ಜಿ ಎಲ್ಲಿದೆ ಎಂದು ಹುಡುಕುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಸಿಕ್ಕ ಮೇಲೆ ಅಪ್ಪ ಒಂದೊಂದೇ ಅಕ್ಷರ ಒತ್ತುತ್ತಾ ಅರ್ಧ ತುಂಬಿಸಿದರು. ಅಷ್ಟರಲ್ಲಿ ಸಮಯ ಮೀರಿತು ಎಂದು ತೋರಿಸಿ ಪುಟ ಮೊದಲಿಗೆ ಹೋಯಿತು. ತುಂಬಿಸಿದ್ದೆಲ್ಲ ಅಳಿಸಿಹೋಗಿತ್ತು. ಹೀಗೆ ನಾಲ್ಕು ಸಲ ಆಯಿತು. ಐದನೇ ಸಲ ಕೊನೆಯವರೆಗೂ ಹೋದರು. ಅಲ್ಲಿ ಸೊಟ್ಟ ಅಕ್ಷರಗಳ ಒಂದು ಚಿತ್ರ ಬಂತು. ಅದರ ಮೇಲೆ ಗೆರೆ ಬೇರೆ. ಅದು ಸೊನ್ನೆಯೋ ಓ ಅಕ್ಷರವೋ ಎಂದು ಅಪ್ಪ ನನ್ನನ್ನು ಕೇಳಿದರು. ನನಗೆ ಕಾಣಿಸುವುದಿಲ್ಲವಲ್ಲ, ನಾನೇನು ಹೇಳಲಿ? ಹೇಗೋ ಅದೂ ದಾಟಿತು. ಆಮೇಲೆ ಫೋಟೊ 50 ಕೆಬಿಗಿಂತ ಕಡಿಮೆ ಇರಬೇಕು ಎಂದು ಬಂತು. "ಕೆಬಿ ಅಂದ್ರೆ ಏನಮ್ಮಾ?" ಎಂದರು. ನಾನು ವಿವರಿಸುವಷ್ಟರಲ್ಲಿ ಮತ್ತೆ ಸಮಯ ಮೀರಿತು.

ಆಗ ಅಪ್ಪ ಒಂದು ಮಾತು ಹೇಳಿದರು. "ನನಗೇ ಬುದ್ಧಿ ಮಂದ ಆಯ್ತೇನೋ, ಬಿಡು." ಜೀವನಪೂರ್ತಿ ಮಕ್ಕಳಿಗೆ ಗಣಿತ ಕಲಿಸಿದವರು ಅವರು.

ಎರಡು ತಿಂಗಳು ಪಿಂಚಣಿ ಬರಲಿಲ್ಲ. ಮತ್ತೆ ಕಚೇರಿಗೆ ಹೋದರು. ಅದೇ ಕಿಟಕಿ. ಎದುರಿಗೆ ನಿಂತಿದ್ದ ಅವರನ್ನು ನೋಡುತ್ತಲೇ "ನೀವು ಬದುಕಿರುವ ದಾಖಲೆ ತಾಣದಲ್ಲಿ ಇಲ್ಲ" ಎಂದರಂತೆ. ಆ ಸಿಬ್ಬಂದಿಯ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಕೊಟ್ಟಿರುವ ಪರದೆ ಅದನ್ನೇ ತೋರಿಸುತ್ತದೆ. ಆದರೆ ಆ ಪರದೆಯನ್ನು ಯೋಜಿಸಿದವರು ಇಂಥ ಒಬ್ಬ ಮನುಷ್ಯನನ್ನು ಒಮ್ಮೆಯಾದರೂ ಮನಸ್ಸಿಗೆ ತಂದುಕೊಂಡಿದ್ದರೆ ಹೀಗೆ ಆಗುತ್ತಿತ್ತಾ?

ನಿಯಮ ನಿಮಗೆ ಗೊತ್ತೇ ಇರುತ್ತದೆ. ವೆಬ್ ತಾಣಗಳು ಎಲ್ಲರಿಗೂ ಎಟುಕುವಂತಿರಬೇಕು ಎಂಬ ಡಬ್ಲ್ಯೂಸಿಎಜಿ ಮಾರ್ಗಸೂಚಿ 1999ರಿಂದಲೇ ಇದೆ. ಸಮಯ ಮುಗಿಯುವ ಮೊದಲು ಎಚ್ಚರಿಸಿ, ಅದನ್ನು ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಬೇಕು ಎಂಬ ದಾರಿ ಅದರ 2008ರ ಆವೃತ್ತಿಯಲ್ಲೇ ಬರೆದಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕು ಎಂದೂ ಇದೆ. ನಿಮ್ಮ ತಾಣದಲ್ಲಿ ಬಿಳಿಯ ಮೇಲೆ ತಿಳಿಬೂದು ಅಕ್ಷರ. 2018ರ ಆವೃತ್ತಿ ಬಂದಾಗ ಬೆರಳಿಟ್ಟು ಒತ್ತುವ ಗುಂಡಿಯ ಅಳತೆಯೂ ಸೇರಿತು. ಇವು ಯಾವುದೂ ಗುಟ್ಟಲ್ಲ. ಆದರೆ ನಿಯಮದ ಪಟ್ಟಿಗೆ ಟಿಕ್ ಹಾಕಿದ ಮಾತ್ರಕ್ಕೆ ಬಳಸುವ ಜನ ಅರ್ಥವಾಗುವುದಿಲ್ಲ. ಅದಕ್ಕೆ ಅವರನ್ನೇ ನೋಡಬೇಕು.

ಅರ್ಜಿ ಹುಡುಕುವುದಕ್ಕೆ ಯಾಕೆ ಅಷ್ಟು ಹೊತ್ತು ಬೇಕಾಯಿತು ಗೊತ್ತಾ? ನಿಮ್ಮ ಮೆನು ನಿಮ್ಮ ಇಲಾಖೆ ಇರುವ ಹಾಗೆಯೇ ಇದೆ. ನಿರ್ದೇಶಕರು, ಅವರ ಕೆಳಗೆ ವಿಭಾಗ, ಅದರ ಕೆಳಗೆ ಶಾಖೆ, ಶಾಖೆಯ ಒಳಗೆ ಅರ್ಜಿ. ತಮ್ಮ ಕೆಲಸ ಯಾವ ಶಾಖೆಯಲ್ಲಿದೆ ಎಂದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಅವರು ಹುಡುಕುವ ಜಾಗದಲ್ಲಿ "ಬದುಕಿರುವ ದಾಖಲೆ" ಎಂದು ಟೈಪ್ ಮಾಡಿದರು. ಏನೂ ಸಿಗಲಿಲ್ಲ. ಯಾಕೆಂದರೆ ನಿಮ್ಮ ತಾಣ ಅದನ್ನು "ವಾರ್ಷಿಕ ಜೀವಂತಿಕೆ ದೃಢೀಕರಣ ಸಲ್ಲಿಕೆ" ಎನ್ನುತ್ತದೆ. ಯಾರ ಬಾಯಲ್ಲಿ ಈ ಮಾತು ಬರುತ್ತದೆ, ಹೇಳಿ?

ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಬ್ರಿಟನ್ ಸರ್ಕಾರ 2012ರಲ್ಲಿ ಗವ್.ಯುಕೆ ಎಂಬ ಒಂದೇ ತಾಣ ತಂದಿತು. ಅದನ್ನು ಕಟ್ಟಿದ ತಂಡದ ವಿನ್ಯಾಸ ಸೂತ್ರಗಳಲ್ಲಿ ಮೊದಲನೆಯದೇ, ಬಳಸುವವರ ಅಗತ್ಯದಿಂದ ಶುರು ಮಾಡಿ ಎಂಬುದು. ಯಾವ ಇಲಾಖೆಯ ಕೆಲಸ ಎಂದು ತಿಳಿಯದಿದ್ದರೂ ಅಲ್ಲಿ ಬೇಕಾದದ್ದನ್ನು ಹುಡುಕಬಹುದು. ನೋಡಲು ಅದು ತೀರಾ ಸಾದಾ. ಸರಿಯುವ ಚಿತ್ರಗಳಿಲ್ಲ.

ಇದಕ್ಕೆ ಹಣ ಜಾಸ್ತಿ ಬೇಕು ಎನ್ನಬೇಡಿ. ಐದು ಜನರನ್ನು ಕೂರಿಸಿ ಪರೀಕ್ಷಿಸಿದರೆ ಹೆಚ್ಚಿನ ತೊಡಕುಗಳು ಹೊರಬೀಳುತ್ತವೆ ಎಂದು ಜಾಲತಾಣಗಳನ್ನು ಜನ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ಐದೇ ಜನ. ಬಣ್ಣ ಹಾಕುವ ಮೊದಲು, ಕಾಗದದ ಮೇಲೆ ಬರೆದ ಪುಟಗಳನ್ನು ಅವರ ಮುಂದಿಟ್ಟರೂ ಸಾಕು. ಹುಡುಕುವ ಜಾಗದಲ್ಲಿ ಜನ ಏನು ಟೈಪ್ ಮಾಡಿದ್ದಾರೆ ಎಂಬುದನ್ನು ನಿಮ್ಮ ಯಂತ್ರದಿಂದಲೇ ತೆಗೆದು ನೋಡಬಹುದು. ಸಹಾಯವಾಣಿಯಲ್ಲಿ ದಿನವಿಡೀ ಯಾವ ಪ್ರಶ್ನೆ ಬರುತ್ತದೆ ಎಂದು ಅಲ್ಲಿ ಕೂತವರನ್ನು ಕೇಳಿ. ಆ ಕಿಟಕಿಯ ಸಿಬ್ಬಂದಿಯನ್ನೂ ಕೇಳಿ. ಅವರಿಗೆ ನಿಮ್ಮ ಬಳಕೆದಾರರು ನಿಮಗಿಂತ ಚೆನ್ನಾಗಿ ಗೊತ್ತು.

"ನಮ್ಮ ತಾಣ ಎಲ್ಲರಿಗೂ" ಎಂದು ನೀವು ಉತ್ತರ ಕೊಡಬಹುದು. ಎಲ್ಲರಿಗೂ ಎಂದು ಶುರು ಮಾಡಿದಾಗ, ವಿನ್ಯಾಸ ಮಾಡುವವರು ತಮ್ಮಂಥವರನ್ನೇ ಊಹಿಸಿಕೊಳ್ಳುತ್ತಾರೆ. ವಯಸ್ಸು ಮೂವತ್ತು, ದೊಡ್ಡ ಪರದೆ, ವೇಗದ ಇಂಟರ್‌ನೆಟ್. ಪಿಂಚಣಿಯ ತಾಣಕ್ಕೆ ಬರುವವರು ವಯಸ್ಸಾದವರು. ಗಂಡ ತೀರಿಕೊಂಡು ತಿಂಗಳೂ ಆಗದ ಹೆಂಗಸರು. ಕಣ್ಣು ಕಾಣದೆ ಪರದೆಯನ್ನು ಓದಿಸಿ ಕೇಳುವವರು. ಅವರಿಗೆ ನೀವು ಹಾಕಿರುವ ಸ್ಕ್ಯಾನ್ ಮಾಡಿದ ಸುತ್ತೋಲೆ ಬರೀ ಒಂದು ಚಿತ್ರ, ಅದರಲ್ಲಿ ಓದಿಸಲು ಅಕ್ಷರವೇ ಇಲ್ಲ. ಮತ್ತೆ ನನ್ನಂತೆ ದೂರದಲ್ಲಿ ಕೂತು ಹೆತ್ತವರ ಪರವಾಗಿ ಅರ್ಜಿ ತುಂಬುವ ಮಕ್ಕಳು. ಇವರ ಹೆಸರು ನಿಮ್ಮ ಯೋಜನೆಯ ಮೊದಲ ಪುಟದಲ್ಲಿ ಬರಬೇಕು. ಕೊನೆಯ ಪುಟದ ಟಿಪ್ಪಣಿಯಲ್ಲಿ ಅಲ್ಲ.

ಆದ್ದರಿಂದ ಮತ್ತೆ ಕೇಳುತ್ತೇನೆ. ಲಾಂಛನ ನಿಲ್ಲಿಸಿ. ಬಣ್ಣ ನಿಲ್ಲಿಸಿ. ಯಾರಿಗಾಗಿ ಎಂದು ಮೊದಲು ಬರೆಯಿರಿ, ಬರೆದದ್ದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಐದು ಜನರನ್ನು ಕೂರಿಸಿ. ಅವರು ಎಲ್ಲಿ ಎಡವುತ್ತಾರೆ ಎಂದು ಬಾಯಿ ಬಿಡದೆ ನೋಡಿ, ನಡುವೆ ಹೇಳಿಕೊಡಬೇಡಿ. ಅದಾದ ಮೇಲೆ ವಿನ್ಯಾಸ.

ಐವರಲ್ಲಿ ಒಬ್ಬರಾಗಿ ಬರಲು ಅಪ್ಪ ಒಪ್ಪಿದ್ದಾರೆ. ಬೆಳಿಗ್ಗೆ ಹೊತ್ತು ಅವರ ಕೈ ಸ್ವಲ್ಪ ಕಡಿಮೆ ನಡುಗುತ್ತದೆ. ಆದರೂ ಸಂಜೆಯೇ ಕರೆಯಿರಿ, ಕೈ ಜಾಸ್ತಿ ನಡುಗುವಾಗ ನಿಮ್ಮ ಗುಂಡಿ ಅವರ ಬೆರಳಿಗೆ ಸಿಗುತ್ತದೋ ಇಲ್ಲವೋ ನೋಡಬೇಕು.

ಇಂತಿ,
ಒಬ್ಬ ಪಿಂಚಣಿದಾರರ ಮಗಳು